ಒಂದು ಲ್ಯಾಪ್‌ಟಾಪು, ನಾಲ್ಕು ಲಾಂಚರು: ಓಪನ್ ಸೋರ್ಸ್ ಆಟಗಳ ಕಡೆ ಹೊರಳಿದವರು ಯಾರಾದರೂ ಇದ್ದೀರೇನು?

ಕೊಥ್ರೂಡ್ ಕಟ್ಟೆ, ಪುಣೆ

ನಮಸ್ಕಾರ ಎಲ್ಲಾರಿಗೂ. ಊರು ಧಾರವಾಡ, ಪುಣೆಗೆ ಬಂದು ಹದಿನಾಲ್ಕು ವರ್ಷ ಆತು. ಮನ್ಯಾಗ ಒಂದೇ ಲ್ಯಾಪ್‌ಟಾಪ್ ಅದ. 8 ಜಿಬಿ ರ‍್ಯಾಮ್, 256 ಜಿಬಿ ಎಸ್‌ಎಸ್‌ಡಿ, ಬ್ಯಾರೆ ಗ್ರಾಫಿಕ್ಸ್ ಕಾರ್ಡ್ ಇಲ್ಲ. ಹಗಲು ಹೆಂಡತಿ ಟ್ಯೂಷನ್ ಲೆಕ್ಕಾ ಬರೀತಾಳ, ಸಂಜಿಮುಂದ ಮಗಾ ಆಟ ಆಡ್ತಾನ. ಅವ ಒಂಬತ್ತನೇ ಕ್ಲಾಸು, ಮಗಳು ನಾಲ್ಕನೇದು.

ಈಗ ಅದರಾಗ ನಾಲ್ಕು ಗೇಮ್ ಲಾಂಚರ್ (ಆಟ ಇಳಿಸಿ ತೆರೆಯೋ ತಂತ್ರಾಂಶ) ಕೂತಾವ. ಮಷಿನ್ ಚಾಲೂ ಮಾಡಿದ್ರ ನಾಲ್ಕೂ ತಾವಾಗೇ ಏಳ್ತಾವ, ನಾಲ್ಕೂ ಅಪ್‌ಡೇಟ್ ಕೇಳ್ತಾವ. ಸಿ ಡ್ರೈವ್ ಯಾವಾಗಲೂ ಕೆಂಪು. ಹೋದ ಮಳೆಗಾಲದಾಗ ಎರಡು ದಿನ ನೆಟ್ ಇರಲಿಲ್ಲ. ರೊಕ್ಕಾ ಕೊಟ್ಟು ತಗೊಂಡ ಆಟ, ಅದೂ ಒಬ್ಬನೇ ಆಡೋ ಆಟ, ತೆರೀಲೇ ಇಲ್ಲ. ಲಾಗಿನ್ ಆಗ್ರಿ ಅಂತ ಹೇಳಿ ನಿಂತುಬಿಡ್ತು. ಮಗಾ ಕೇಳಿದ, "ಪಪ್ಪಾ, ಇದನ್ನ ನಾವು ತಗೊಂಡೇವೋ, ಬಾಡಿಗಿಗೆ ಇಟ್ಕೊಂಡೇವೋ?" ಆ ಪ್ರಶ್ನೆ ನನ್ನ ತಲ್ಯಾಗ ಇನ್ನೂ ಕೂತದ.

ವಿಂಡೋಸ್ 10ಕ್ಕ 2025ರ ಅಕ್ಟೋಬರ್ 14ಕ್ಕ ಸಪೋರ್ಟ್ ಮುಗೀತು. ಈ ಮಷಿನ್ 11ಕ್ಕ ಆಗಂಗಿಲ್ಲ ಅಂತ ತೋರಸ್ತದ. ಹಂಗಾಗಿ ವಿಂಡೋಸ್ ಬದಲಿಗೆ ಲಿನಕ್ಸ್ ಹಾಕೋಣು ಅಂತ ವಿಚಾರ. ನಾಲ್ಕನ್ನೂ ಕಿತ್ತು ಒಂದೇ ಓಪನ್ ಸೋರ್ಸ್ (ಯಾರು ಬೇಕಾದ್ರೂ ಕೋಡ್ ನೋಡಿ ಬದಲಿಸಬಹುದಾದ) ಲಾಂಚರ್ ಇಟ್ರ ನಡೀತದೇನು? ಮೊದಲಿನಿಂದಲೇ ಓಪನ್ ಸೋರ್ಸ್ ಇರೋ ಆಟಗಳು ಮಕ್ಕಳಿಗೆ ಹಿಡಸ್ತಾವೇನು, ಇಲ್ಲಾ ದೊಡ್ಡವರು ಹೊಗಳೋದಷ್ಟೇ ಏನು?

ಇನ್ನೊಂದು ಅದ. ನಮ್ಮ ಸೊಸೈಟಿ ಕ್ಲಬ್ ಹೌಸಿನ್ಯಾಗ ರವಿವಾರ ಹನ್ನೊಂದು ಹುಡುಗರಿಗೆ ಕನ್ನಡ ಅಕ್ಷರ ಕಲಸ್ತೀವಿ. ಮನಿಯೊಳಗ ಕನ್ನಡ, ಸಾಲಿಯೊಳಗ ಇಂಗ್ಲಿಷು, ಮರಾಠಿ. ಓದಲಿಕ್ಕೆ ಬ್ಯಾಸರಾ ಮಾಡ್ಕೋತಾವ. ಒಂದು ಆಟದ ಮೆನು ಕನ್ನಡದಾಗ ಇದ್ರ ತಾವಾಗೇ ಓದತಾವು ಅನ್ನೋದು ನನ್ನ ನಂಬಿಕಿ. ಅಂಥಾದ್ದು ಮಾಡಲಿಕ್ಕೆ ಬರ್ತದೇನು?

ಹಿಂಜವಡಿ ಶಿಫ್ಟ್, ಪುಣೆ

ಬರುತ್ತೆ. ಆದ್ರೆ ಲಾಂಚರ್ ಅಂತ ನಾವು ಕರೆಯೋದರಲ್ಲಿ ಎರಡು ಜಾತಿ ಇದೆ, ಅದನ್ನ ಮೊದಲು ಬಿಡಿಸಿಕೊಳ್ಳಿ. ಪ್ಲೇನೈಟ್ ಓಪನ್ ಸೋರ್ಸು, ಚೆನ್ನಾಗಿದೆ. ಎಲ್ಲ ಅಂಗಡಿಯ ಆಟಗಳನ್ನೂ ಒಂದೇ ಕಪಾಟಲ್ಲಿ ಜೋಡಿಸಿ ತೋರಿಸುತ್ತೆ. ಆದ್ರೆ ಆಟ ಶುರು ಮಾಡೋಕೆ ಹೆಚ್ಚಾಗಿ ಆಯಾ ಅಂಗಡಿಯ ಲಾಂಚರನ್ನೇ ಹಿಂದಿನಿಂದ ಎಬ್ಬಿಸುತ್ತೆ. ನಿಮ್ಮ ನಾಲ್ಕರ ಜೊತೆ ಐದನೇದು ಸೇರುತ್ತೆ. ಮೇಲಾಗಿ ಅದು ವಿಂಡೋಸ್‌ಗೆ ಮಾತ್ರ.

ಹೀರೋಯಿಕ್ ಗೇಮ್ಸ್ ಲಾಂಚರ್ ಬೇರೆ ಥರ. ಎಪಿಕ್, ಜಿಒಜಿ, ಅಮೆಜಾನ್ ಗೇಮ್ಸ್ ಈ ಮೂರು ಅಂಗಡಿಗಳಲ್ಲಿ ನಿಮ್ಮ ಹೆಸರಲ್ಲಿರೋ ಆಟಗಳನ್ನ ಅವರ ಲಾಂಚರ್ ಇಲ್ಲದೆಯೇ ಇಳಿಸಿ ಓಡಿಸುತ್ತೆ. ಎಪಿಕ್ ಭಾಗಕ್ಕೆ ಒಳಗಡೆ ಲೆಜೆಂಡರಿ ಅನ್ನೋ ಕಮಾಂಡ್ ಲೈನ್ ಸಾಧನ ದುಡಿಯುತ್ತೆ, ಅದೂ ಓಪನ್ ಸೋರ್ಸೇ. ವಿಂಡೋಸ್ ಆಟ ಲಿನಕ್ಸಲ್ಲಿ ಓಡೋಕೆ ಬೇಕಾದ ವೈನ್ ಅಥವಾ ಪ್ರೋಟಾನನ್ನ ಹೀರೋಯಿಕ್ ಒಳಗಿಂದಲೇ ಇಳಿಸಿಕೊಳ್ಳಬಹುದು. ಸ್ಟೀಮ್ ಮಾತ್ರ ಅದರಲ್ಲಿ ಸೇರಲ್ಲ, ಅದಕ್ಕೆ ಸ್ಟೀಮೇ ಬೇಕು, ಲಿನಕ್ಸ್‌ಗೆ ಅವರದೇ ಆವೃತ್ತಿ ಇದೆ. ಹಾಗಾಗಿ ನಾಲ್ಕು ಎರಡಾಗುತ್ತೆ, ಒಂದಾಗಲ್ಲ. ಇನ್ನು ಕೆಲವು ದೊಡ್ಡ ಕಂಪನಿಗಳ ಆಟ ಎಲ್ಲಿ ಕೊಂಡರೂ ಅವರ ಲಾಂಚರ್ ತೆರೆದೇ ತೀರಬೇಕು. ಅಂಥದ್ದು ಯಾವುದಾದರೂ ಇದೆಯಾ ಹೇಳಿ.

ಲ್ಯಾಮಿಂಗ್ಟನ್ ರೋಡ್, ಮುಂಬಯಿ

ಮಾರಾಯ್ರೇ, ಲಿನಕ್ಸ್ ಆಮೇಲೆ ಹಾಕುವಾ. ಮೊದಲು ಟಾಸ್ಕ್ ಮ್ಯಾನೇಜರಿಗೆ ಹೋಗಿ ಸ್ಟಾರ್ಟಪ್‌ನಲ್ಲಿ ಆ ನಾಲ್ಕನ್ನೂ ಆಫ್ ಮಾಡಿ. ನನ್ನ ಟೇಬಲಿಗೆ ಬರುವ ಲ್ಯಾಪ್‌ಟಾಪುಗಳಲ್ಲಿ "ಸ್ಲೋ ಆಗಿದೆ" ಅಂತ ಬರುವವು ಎಷ್ಟೋ ಇಷ್ಟರಲ್ಲೇ ಸರಿ ಆಗ್ತವೆ. ಇನ್ನೊಂದು ಗೊತ್ತುಂಟಾ, 8 ಜಿಬಿ ಒಂದೇ ಸ್ಟಿಕ್ ಇದ್ದರೆ ಪಕ್ಕದ ಸ್ಲಾಟ್ ಖಾಲಿ ಉಂಟಾ ನೋಡಿ. ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಮಷಿನಿನಲ್ಲಿ ಗ್ರಾಫಿಕ್ಸೂ ಇದೇ ರ‍್ಯಾಮನ್ನೇ ತಿನ್ನುವುದು. ಎರಡು ಸ್ಟಿಕ್ ಇದ್ದರೆ ಡ್ಯುಯಲ್ ಚಾನೆಲ್ ಆಗಿ ಆಟ ಕಣ್ಣಿಗೆ ಕಾಣುವಷ್ಟು ಸಲೀಸಾಗ್ತದೆ.

ಪಿಂಪ್ರಿ ಪಿಚ್, ಪುಣೆ

ಒಂದು ಕಡೆ ಮಾತ್ರ ಕೇಳಿ ನಿರ್ಧಾರ ಮಾಡಬೇಡಿ. ಒಂಬತ್ತನೇ ಕ್ಲಾಸ್ ಹುಡುಗ ಆಡೋದು ಗೆಳೆಯರ ಜೊತೆ. ಗೆಳೆಯರು ಆಡೋದು ಲಿನಕ್ಸಲ್ಲಿ ನಡೆಯಲ್ಲ. ವ್ಯಾಲೊರಂಟ್ ನಡೆಯಲ್ಲ, ಫೋರ್ಟ್‌ನೈಟ್ ನಡೆಯಲ್ಲ. ಅಪೆಕ್ಸ್ ಲೆಜೆಂಡ್ಸ್ ನಡೀತಿತ್ತು, 2024ರ ಅಕ್ಟೋಬರ್ ಕೊನೆಗೆ ಅವರೇ ಲಿನಕ್ಸ್ ಬಾಗಿಲು ಮುಚ್ಚಿದರು. ಹುಡುಗನ್ನ ಗುಂಪಿನಿಂದ ಹೊರಗೆ ಹಾಕಿ "ಇದು ಸ್ವಾತಂತ್ರ್ಯ" ಅಂದ್ರೆ ಅವನಿಗೆ ಅದು ಶಿಕ್ಷೆ.

ಹಿಂಜವಡಿ ಶಿಫ್ಟ್, ಪುಣೆ

@ಪಿಂಪ್ರಿ ಪಿಚ್ ಹೇಳಿದ್ದು ನಿಜ, ಆದ್ರೆ ಕಾರಣ ಸೇರಿಸಿ ಹೇಳಬೇಕು. ತೊಡಕು ಆಂಟಿಚೀಟ್‌ನದು, ಅಂದ್ರೆ ಆಟದಲ್ಲಿ ಮೋಸ ಹಿಡಿಯೋ ಸಾಧನದ್ದು. ಈಸಿ ಆಂಟಿಚೀಟ್, ಬ್ಯಾಟಲ್‌ಐ ಎರಡೂ 2021ರಿಂದಲೇ ಪ್ರೋಟಾನ್ ಜೊತೆ ಹೊಂದುತ್ತವೆ, ಆದ್ರೆ ಆಟದ ಕಂಪನಿ ಒಪ್ಪಿಗೆ ಕೊಡಬೇಕು. ಎಷ್ಟೋ ಕಂಪನಿ ಕೊಡಲ್ಲ. ಅಂಥ ಆಟವೇ ಬೇಕು ಅಂದ್ರೆ ವಿಂಡೋಸ್ ಬಿಟ್ಟು ದಾರಿ ಇಲ್ಲ. ಹುಡುಗ ಏನು ಆಡ್ತಾನೆ ಅಂತ ಕೇಳದೆ ನಾವಿಬ್ಬರೂ ಜಗಳ ಆಡ್ತಿದ್ದೀವಿ.

ಕೊಥ್ರೂಡ್ ಕಟ್ಟೆ, ಪುಣೆ

ಮೈನ್‌ಕ್ರಾಫ್ಟ್ (ರೊಕ್ಕಾ ಕೊಟ್ಟು ತಗೊಂಡದ್ದು), ಒಂದು ಕಾರ್ ರೇಸು, ಎಪಿಕ್‌ನ್ಯಾಗ ಪುಕ್ಕಟೆ ಸಿಕ್ಕ ಹತ್ತಿಪ್ಪತ್ತು ಆಟ. ಶೂಟಿಂಗ್ ಆಟ ಫೋನಿನ್ಯಾಗ ಆಡ್ತಾನ, ಲ್ಯಾಪ್‌ಟಾಪಿನ್ಯಾಗ ಇಲ್ಲ. ನಾಲ್ಕನೇ ಲಾಂಚರಿನ ಆಟ ಆರು ತಿಂಗಳಿಂದ ಮುಟ್ಟಿಲ್ಲ, ತಗೀಬಹುದು.

ಡೊಂಬಿವಲಿ ಲೋಕಲ್, ಮುಂಬಯಿ

ಮೈನ್‌ಕ್ರಾಫ್ಟಾ, ಹಾಗಿದ್ರೆ ಪ್ರಿಸಮ್ ಲಾಂಚರ್ ಹಾಕಿ. ಜಾವಾ ಆವೃತ್ತಿಗೆ ಮಾತ್ರ. ಒಂದೊಂದು ಮಾಡ್‌ಪ್ಯಾಕ್‌ಗೂ (ಆಟಕ್ಕೆ ಸೇರಿಸುವ ಬದಲಾವಣೆಗಳ ಕಟ್ಟು) ಬೇರೆ ಬೇರೆ ಖಾನೆ ಮಾಡಿ ಇಡಬಹುದು, ಒಂದು ಕೆಟ್ಟರೆ ಇನ್ನೊಂದಕ್ಕೆ ತಗಲುವುದಿಲ್ಲ. ಆಟ ಕೊಂಡಿರುವ ಮೈಕ್ರೋಸಾಫ್ಟ್ ಖಾತೆ ಬೇಕೇ ಬೇಕು, ಅದು ನಿಮ್ಮಲ್ಲಿದೆ.

ಅದರ ಹುಟ್ಟಿನ ಕಥೆಯನ್ನು ನಿಮ್ಮ ಮಗನಿಗೆ ಹೇಳಿ. ಮೊದಲು ಮಲ್ಟಿಎಂಸಿ ಅಂತ ಇತ್ತು. ಅದರಿಂದ ಪಾಲಿಎಂಸಿ ಕವಲೊಡೆಯಿತು. 2022ರ ಅಕ್ಟೋಬರ್‌ನಲ್ಲಿ ಪಾಲಿಎಂಸಿಯ ಕೀಲಿಕೈ ಇಟ್ಟುಕೊಂಡಿದ್ದ ಒಬ್ಬರು ಉಳಿದ ಕೆಲಸಗಾರರನ್ನೆಲ್ಲ ರಾತ್ರೋರಾತ್ರಿ ಹೊರಗೆ ಹಾಕಿದರು. ಹೊರಬಿದ್ದವರು ಅಳುತ್ತ ಕೂರಲಿಲ್ಲ. ಕೋಡ್ ಯಾರು ಬೇಕಾದರೂ ಬದಲಿಸಿ ಹಂಚಬಹುದಾದ ಜಿಪಿಎಲ್ ಲೈಸೆನ್ಸಿನಲ್ಲಿತ್ತು, ಅದನ್ನೇ ಎತ್ತಿಕೊಂಡು ಪ್ರಿಸಮ್ ಶುರು ಮಾಡಿದರು, ಬಳಸುವವರೂ ಅವರ ಹಿಂದೆ ಹೋದರು. ಮನೆ ಯಜಮಾನ ಬಾಗಿಲು ಹಾಕಿದರೆ ಅದೇ ಇಟ್ಟಿಗೆಯಲ್ಲಿ ಪಕ್ಕದಲ್ಲಿ ಮನೆ ಕಟ್ಟಿಕೊಳ್ಳುವ ಹಕ್ಕು ಅದು. ಓಪನ್ ಸೋರ್ಸ್ ಅಂದರೆ ಪುಕ್ಕಟೆ ಅಂತ ಮಾತ್ರ ತಿಳಿದವರಿಗೆ ನಾನು ಯಾವಾಗಲೂ ಇದನ್ನೇ ಹೇಳೋದು.

ಮುಲುಂಡ್ ಅಮ್ಮ, ಮುಂಬಯಿ

ಕೇಳಬಹುದೋ ಇಲ್ಲವೋ ಗೊತ್ತಿಲ್ಲ, ಆದರೂ ಕೇಳ್ತೀನಿ. ಅಂಗಡಿಯವರ ಲಾಂಚರ್ ಬಿಟ್ಟು ಬೇರೆಯವರದ್ದು ಹಾಕೋದು ಅಂದ್ರೆ ಪೈರಸಿ ಅಲ್ವಾ? ನನ್ನ ಮಗ ಹೀಗೇ ಯಾವುದೋ ಲಾಂಚರ್ ಇಳಿಸಿ ಅದರ ಜೊತೆ ವೈರಸ್ ಬಂದು ನನ್ನ ಇಮೇಲ್ ಖಾತೆಯೇ ಹೋಗಿತ್ತು.

ಹಿಂಜವಡಿ ಶಿಫ್ಟ್, ಪುಣೆ

ಅಕ್ಕ, ಕೇಳಲೇಬೇಕಾದ ಪ್ರಶ್ನೆ. ಹೀರೋಯಿಕ್, ಪ್ರಿಸಮ್, ಅಂಥದ್ದೇ ಇನ್ನೊಂದು ಲಾಂಚರ್ ಲುಟ್ರಿಸ್, ಇವು ನೀವು ಕೊಂಡ ಆಟವನ್ನೇ ತೆರೆಯೋದು, ಕೊಳ್ಳದ್ದನ್ನ ಕೊಡಲ್ಲ. ಲಾಗಿನ್ ಆಗುವಾಗ ತೆರೆಯೋದು ಆ ಅಂಗಡಿಯ ಸ್ವಂತ ಪುಟವೇ. ನಿಮ್ಮ ಮಗ ಇಳಿಸಿದ್ದು ಬಹುಶಃ "ಫ್ರೀ" ಅಂತ ಕದ್ದ ಆಟ ಹಂಚೋ ಥರದ್ದು, ಅದು ಬೇರೆ ಜಾತಿ. ಹೆಸರು ಹುಡುಕಿದಾಗ ಮೇಲೆ ಬರೋ ಜಾಹೀರಾತಿನ ಕೊಂಡಿ ಒತ್ತಬೇಡಿ. ಲಿನಕ್ಸಲ್ಲಾದ್ರೆ ಆ್ಯಪ್ ಸಿಗೋ ತಾಣ ಫ್ಲ್ಯಾಟ್‌ಹಬ್‌ನಿಂದ, ಆಂಡ್ರಾಯ್ಡಲ್ಲಾದ್ರೆ ಅಂಥದ್ದೇ ಎಫ್-ಡ್ರಾಯ್ಡ್‌ನಿಂದ, ವಿಂಡೋಸಲ್ಲಾದ್ರೆ ಯೋಜನೆಯವರ ಸ್ವಂತ ಪುಟದಿಂದ ಇಳಿಸಿ. ಖಾತೆಗೆ ಎರಡು ಹಂತದ ಲಾಗಿನ್ ಇವತ್ತೇ ಹಾಕಿ.

ವಾಸ್ಕೋ ಲೈನ್, ಗೋವಾ

ನಮ್ಮ ಕಡೆ ಮಳಿ ಬಂತಂದ್ರ ಕರೆಂಟೂ ಇಲ್ಲ ನೆಟ್ಟೂ ಇಲ್ಲ. ಅದಕ್ಕ ನಾ ಆಟ ತಗೊಳ್ಳೋದು ಜಿಒಜಿಯೊಳಗ. 2008ರಾಗ ಹಳೇ ಆಟ ಮಾರಾಕ ಶುರು ಮಾಡಿದ್ರು, ಕಾಪಿ ತಡೆಯೋ ಡಿಆರ್‌ಎಂ ಬೀಗ ಇಲ್ಲ. ಇನ್‌ಸ್ಟಾಲರ್ ಕಡತ ಇಳಿಸಿ ಹಾರ್ಡ್ ಡಿಸ್ಕಿನ್ಯಾಗ ಹಾಕಿ ಇಟ್ಟೇನಿ. ನೆಟ್ ಬ್ಯಾಡ, ಲಾಂಚರ್ರೂ ಬ್ಯಾಡ. ಹೀರೋಯಿಕ್ ಹಾಕೊಂಡ್ರ ಅದರಾಗಿಂದನೇ ಇನ್‌ಸ್ಟಾಲರ್ ಸಿಗತೈತಿ.

ಹಿಂಜವಡಿ ಶಿಫ್ಟ್, ಪುಣೆ

ಸಣ್ಣ ತಿದ್ದುಪಡಿ: ಹೀರೋಯಿಕ್ ಇಳಿಸೋದು ನೇರವಾಗಿ ಇನ್‌ಸ್ಟಾಲ್ ಆದ ಆಟವನ್ನ. ಎತ್ತಿಡಬಹುದಾದ ಆಫ್‌ಲೈನ್ ಇನ್‌ಸ್ಟಾಲರ್ ಬೇಕಂದ್ರೆ ಜಿಒಜಿ ಜಾಲತಾಣಕ್ಕೆ ಲಾಗಿನ್ ಆಗಿ ಇಳಿಸಬೇಕು.

ವಾಸ್ಕೋ ಲೈನ್, ಗೋವಾ

ಹೌದ್ರಿ, ನೀವಂದದ್ದು ಖರೇ. ನಾನೂ ಜಾಲತಾಣದಿಂದನೇ ಇಳಿಸಿದ್ದೆ.

ಡೊಂಬಿವಲಿ ಲೋಕಲ್, ಮುಂಬಯಿ

ಹುಡುಗನ "ತಗೊಂಡೇವೋ ಬಾಡಿಗಿಗೋ" ಪ್ರಶ್ನೆಗೆ ಉತ್ತರ ಇದೆ. ಹೆಚ್ಚಿನ ಡಿಜಿಟಲ್ ಅಂಗಡಿಗಳಲ್ಲಿ ನಾವು ಕೊಳ್ಳುವುದು ಆಟವನ್ನಲ್ಲ, ಆಡುವ ಲೈಸೆನ್ಸನ್ನು. ಕ್ಯಾಲಿಫೋರ್ನಿಯಾದಲ್ಲಿ 2025ರ ಜನವರಿಯಿಂದ, ಅದನ್ನು ಮುಚ್ಚಿಟ್ಟು "ಕೊಳ್ಳಿ" ಎಂದು ಬರೆಯುವ ಹಾಗಿಲ್ಲ ಎಂದು ಕಾನೂನೇ ಬಂದಿದೆ. 'ದಿ ಕ್ರೂ' ಎಂಬ ರೇಸಿಂಗ್ ಆಟದ ಸರ್ವರನ್ನು 2024ರ ಮಾರ್ಚ್ 31ಕ್ಕೆ ನಿಲ್ಲಿಸಿದರು. ಒಬ್ಬರೇ ಕೂತು ಆಡುವುದಕ್ಕೂ ಸರ್ವರ್ ಬೇಕಿದ್ದ ಆಟ ಅದು, ಡಿಸ್ಕ್ ಕೊಂಡವರ ಕೈಯಲ್ಲೂ ಉಳಿಯಲಿಲ್ಲ. ಇನ್ನೊಂದು ಕಡೆ ನೋಡಿ: ಡೂಮ್ ಆಟದ ಸೋರ್ಸ್ ಕೋಡನ್ನು 1997ರಲ್ಲಿ ಹೊರಗೆ ಬಿಟ್ಟರು, 1999ರಲ್ಲಿ ಜಿಪಿಎಲ್ ಮಾಡಿದರು. ಆ ಕೋಡು ಇವತ್ತಿಗೂ ಹೊಸ ಹೊಸ ಯಂತ್ರದ ಮೇಲೆ ಓಡುತ್ತಿದೆ. ಮೂಲ ಚಿತ್ರ, ಸದ್ದುಗಳು ಮುಕ್ತವಲ್ಲ, ಅದಕ್ಕೆ ಫ್ರೀಡೂಮ್ ಎಂಬ ಯೋಜನೆಯವರು ಎಲ್ಲವನ್ನೂ ಹೊಸದಾಗಿ ಮಾಡಿ ಕೊಟ್ಟಿದ್ದಾರೆ.

ಪಿಂಪ್ರಿ ಪಿಚ್, ಪುಣೆ

ಸರಿ, ಆ ಮಾತು ಒಪ್ಪಿದೆ. ಆದ್ರೆ ಓಪನ್ ಸೋರ್ಸ್ ಆಟ ಅಂದ್ರೆ ಇಪ್ಪತ್ತು ವರ್ಷ ಹಳೇ ಮುಖ. ಹುಡುಗರು ಹತ್ತು ನಿಮಿಷ ಕೂರಲ್ಲ. ಯಾರಾದ್ರೂ ಮಕ್ಕಳ ಕೈಲಿ ಕೊಟ್ಟು ನೋಡಿದ್ದೀರಾ? ಅಭಿಪ್ರಾಯ ಬೇಡ, ನೋಡಿದ್ದು ಹೇಳಿ.

ಲ್ಯಾಮಿಂಗ್ಟನ್ ರೋಡ್, ಮುಂಬಯಿ

ನೋಡಿದ್ದೇನೆ. ಅಣ್ಣನ ಮಕ್ಕಳು ಮೂರು ಜನ, ಮೇ ರಜೆಯಲ್ಲಿ ಕಾಂದಿವಲಿಗೆ ಬಂದಿದ್ದರು. ಹಳೇ ಡೆಸ್ಕ್‌ಟಾಪಿಗೆ ಸೂಪರ್‌ಟಕ್ಸ್‌ಕಾರ್ಟ್ ಎಂಬ ರೇಸ್ ಆಟ ಹಾಕಿ ಕೊಟ್ಟೆ. ಒಂದೇ ಕೀಬೋರ್ಡಿನಲ್ಲಿ ಇಬ್ಬರು, ಒಬ್ಬನಿಗೆ ಯುಎಸ್‌ಬಿ ಗೇಮ್‌ಪ್ಯಾಡ್, ಪರದೆ ಮೂರು ಪಾಲು. ಹತ್ತು ನಿಮಿಷ ಅಲ್ಲ, ಊಟಕ್ಕೆ ಕರೆದರೆ ಏಳ್ಲಿಲ್ಲ. ಸಣ್ಣವ ಹಿಂದಿನವರ ದಾರಿಗೆ ಬಬಲ್ ಗಮ್ ಬೀಳಿಸುವುದೇ ಆಟ ಅಂತ ತಿಳಿದಿದ್ದ. 2019ರ 1.0 ಆವೃತ್ತಿಯಿಂದ ನೆಟ್ ಮೇಲೆ ಕೂಡ ಆಡ್ಲಿಕ್ಕೆ ಆಗ್ತದೆ. ಗ್ರಾಫಿಕ್ಸ್ ಕಡಿಮೆಗೆ ಇಟ್ಟರೆ ನಿಮ್ಮ ಲ್ಯಾಪ್‌ಟಾಪಿಗೆ ಧಾರಾಳ ಸಾಕು.

ಮೈನ್‌ಕ್ರಾಫ್ಟಿನ ಹಾಗೆ ಬೇಕಾದರೆ ಲುವಾಂಟಿ ಉಂಟು, ಮೊದಲು ಮೈನ್‌ಟೆಸ್ಟ್ ಅಂತ ಇದ್ದದ್ದು, 2024ರಲ್ಲಿ ಹೆಸರು ಬದಲಾಯಿಸಿದರು. ಅದನ್ನು ಬರೀ ಇಳಿಸಿದರೆ ಎಂತದೂ ಇರುವುದಿಲ್ಲ, ಅದು ಆಟಗಳನ್ನು ಓಡಿಸುವ ಎಂಜಿನ್ ಮಾತ್ರ. ಒಳಗೆ ಹೋಗಿ ವಾಕ್ಸೆಲಿಬ್ರೆ ಇಳಿಸಿ, ಮೈನ್‌ಕ್ರಾಫ್ಟಿಗೆ ಹತ್ತಿರದ್ದು ಅದೇ. ಇದು ಗೊತ್ತಿಲ್ಲದೆ "ಖಾಲಿ ಉಂಟಲ್ಲ" ಅಂತ ತೆಗೆದುಹಾಕಿದವರನ್ನು ಕಂಡಿದ್ದೇನೆ.

ಕೊಥ್ರೂಡ್ ಕಟ್ಟೆ, ಪುಣೆ

ಝೀರೋ ಎ.ಡಿ. ಅಂತ ಹಳೇ ಸಾಮ್ರಾಜ್ಯಗಳ ಯುದ್ಧದ ಆಟ ಮಗಾ ಕೇಳ್ಯಾನ. ಅದ್ರಾಗ ಮೌರ್ಯರು ಇದ್ದಾರಂತ?

ಹಿಂಜವಡಿ ಶಿಫ್ಟ್, ಪುಣೆ

ಇದ್ದಾರೆ. 2013ರ ಆಲ್ಫಾ 13ರಲ್ಲಿ ಬಂದ್ರು, ಆ ಆವೃತ್ತಿಯ ಹೆಸರೇ "ಮಗಧ". ಮೌರ್ಯರಿಗೆ ಮಾತ್ರ ಕೆಲಸದ ಆನೆ ಸಿಗುತ್ತೆ. ಕಾಡಿನ ಅಂಚಿಗೆ ಕರ್ಕೊಂಡು ಹೋಗಿ ನಿಲ್ಲಿಸಿದ್ರೆ ಕಟ್ಟಿಗೆ ಕಡಿಯೋರು ಅದರ ಮೇಲೇ ಹೇರಬಹುದು, ಉಗ್ರಾಣದ ತನಕ ನಡೀಬೇಕಿಲ್ಲ. ಅಶೋಕ, ಚಂದ್ರಗುಪ್ತ, ಚಾಣಕ್ಯ ವೀರರಾಗಿ ಬರ್ತಾರೆ. ಆದ್ರೆ ಆಟ ದೊಡ್ಡದಾಗ್ತಾ ಸೈನಿಕರು ನೂರಾರು ಆದ ಮೇಲೆ ತಡವರಿಸುತ್ತೆ. ಪ್ರತಿಯೊಬ್ಬನ ದಾರಿ ಹುಡುಕೋ ಲೆಕ್ಕ ಪ್ರೊಸೆಸರ್ ಮೇಲೆ ಬೀಳುತ್ತೆ, ಗ್ರಾಫಿಕ್ಸ್ ಕಡಿಮೆ ಮಾಡಿದ್ರೂ ಆ ಹೊರೆ ಇಳಿಯಲ್ಲ. ಜನಸಂಖ್ಯೆಯ ಮಿತಿಯನ್ನ 100ಕ್ಕೆ ಇಟ್ಟು ಆಡಲಿ.

ಮಾಟುಂಗಾ ಅಕ್ಷರ, ಮುಂಬಯಿ

ಅಶೋಕನನ್ನು ಆಡಿಸುವ ಹುಡುಗನಿಗೆ ಮಸ್ಕಿಯ ಕಥೆಯನ್ನೂ ಹೇಳಿ. ಶಾಸನಗಳ "ದೇವಾನಾಂಪ್ರಿಯ" ಯಾರು ಎಂಬುದಕ್ಕೆ ಅಶೋಕ ಎಂಬ ಹೆಸರೇ ಸಿಕ್ಕಿದ್ದು ರಾಯಚೂರು ಜಿಲ್ಲೆಯ ಮಸ್ಕಿಯ ಬಂಡೆಯಲ್ಲಿ, 1915ರಲ್ಲಿ. ಊರಿಗೆ ಹೋಗುವಾಗ ಒಮ್ಮೆ ತೋರಿಸಬಹುದು.

ಡೊಂಬಿವಲಿ ಲೋಕಲ್, ಮುಂಬಯಿ

ನನ್ನ ಮೆಚ್ಚಿನದ್ದು ಯಾರೂ ಎತ್ತಲಿಲ್ಲ. ಓಪನ್‌ಟಿಟಿಡಿ. ರೈಲು, ಬಸ್ಸು ಓಡಿಸುವ 1995ರ ಟ್ರಾನ್ಸ್‌ಪೋರ್ಟ್ ಟೈಕೂನ್ ಡಿಲಕ್ಸ್ ಎಂಬ ಆಟವನ್ನು ಮತ್ತೆ ಕಟ್ಟಿದ್ದು, ಮೊದಲ ಬಿಡುಗಡೆ 2004ರಲ್ಲಿ. ಆಗ ಹಳೇ ಆಟದ ಚಿತ್ರಗಳ ಕಡತ ಬೇಕಾಗುತ್ತಿತ್ತು. 2010ರ 1.0 ಬರುವ ಹೊತ್ತಿಗೆ ಓಪನ್‌ಜಿಎಫ್‌ಎಕ್ಸ್ ಎಂದು ಹೊಸ ಚಿತ್ರಗಳನ್ನೇ ಬಿಡಿಸಿ ಮುಗಿಸಿದ್ದರು. ಈಗ ಏನೂ ಕೊಳ್ಳಬೇಕಿಲ್ಲ.

ನಾನು ಸಹ್ಯಾದ್ರಿಯ ಎತ್ತರತಗ್ಗಿನ ಬೂದುಬಣ್ಣದ ಚಿತ್ರವನ್ನು ಹೈಟ್‌ಮ್ಯಾಪ್ ಆಗಿ ಕೊಟ್ಟು ಕರ್ಜತ್‌ನಿಂದ ಲೋಣಾವಳದವರೆಗೆ ಹಳಿ ಹಾಕಿದೆ. ಭೋರ್ ಘಾಟಿನ ಏರು 37ಕ್ಕೆ 1, ಅಂದರೆ ನೂರಕ್ಕೆ 2.7. ಆಟದಲ್ಲಿ ರೈಲಿನ ಏರಿನ ಪ್ರಮಾಣ ಮೊದಲಿನಿಂದಲೇ ನೂರಕ್ಕೆ 3 ಎಂದು ಇರುತ್ತದೆ. ಅಷ್ಟು ಹತ್ತಿರ! ಒಂದೇ ಇಂಜಿನ್ ಹಾಕಿದ ಗೂಡ್ಸು ಅರ್ಧ ಘಾಟಿನಲ್ಲಿ ತೆವಳತೊಡಗಿತು. ಹಿಂದೆ ಬಂದ ಪ್ಯಾಸೆಂಜರ್‌ಗಳೆಲ್ಲ ಕೆಂಪು ಸಿಗ್ನಲ್‌ನಲ್ಲಿ ಸಾಲಾಗಿ ನಿಂತವು. ಪುಣೆಗೆ ಹೋಗುವ ಗಾಡಿ ಕರ್ಜತ್‌ನಲ್ಲಿ ಯಾಕೆ ನಿಂತು ಹಿಂದಕ್ಕೆ ತಳ್ಳುವ ಬ್ಯಾಂಕರ್ ಇಂಜಿನ್ ಕಟ್ಟಿಸಿಕೊಳ್ಳುತ್ತದೆ ಎಂದು ಅವತ್ತು ಮೈಗೆ ಗೊತ್ತಾಯಿತು. ಎಷ್ಟು ಸಲ ವಡಾ ಪಾವ್ ತಿನ್ನುತ್ತ ಆ ನಿಲುಗಡೆಯಲ್ಲಿ ಕಾದಿದ್ದೇನೆ, ಕಾರಣ ಯೋಚಿಸಿರಲಿಲ್ಲ.

ವಾಸ್ಕೋ ಲೈನ್, ಗೋವಾ

ತಡೀರಿ ತಡೀರಿ. ಕ್ಯಾಸಲ್‌ರಾಕ್‌ನಿಂದ ಕುಳೆಂವರೆಗಿನ ನಮ್ಮ ಘಾಟೂ 37ಕ್ಕ 1 ಐತಿ! ಲೋಂಡಾದಿಂದ ವಾಸ್ಕೋಕ್ಕ ಬರೋ ಗಾಡಿ ದೂಧ್‌ಸಾಗರ ದಾಟಿ ಇಳೀತೈತಿ. ಗೋವಾದಿಂದ ಮ್ಯಾಲ ಹತ್ತೋ ಕಲ್ಲಿದ್ದಲ ಗಾಡಿಗೆ ಹಿಂದ ಮುಂದ ಇಂಜಿನ್ ಕಟ್ತಾರ. ಆಟದಾಗ ಹಂಗ ನಡುದಾರಿಗೆ ಇಂಜಿನ್ ಕಟ್ಟಾಕ, ಬಿಚ್ಚಾಕ ಬರತೈತೇನ್ರಿ?

ಡೊಂಬಿವಲಿ ಲೋಕಲ್, ಮುಂಬಯಿ

ಬರುವುದಿಲ್ಲ, ಅದೇ ಕೊರತೆ. ಡಿಪೋದಲ್ಲಿ ಎರಡನೇ ಇಂಜಿನ್ ಸೇರಿಸಿದರೆ ಅದು ಪೂರ್ತಿ ದಾರಿ ಜೊತೆಗೇ ಓಡುತ್ತದೆ, ಬಯಲಲ್ಲಿ ಅದರ ಖರ್ಚು ದಂಡ. ನಾನು ಘಾಟಿನ ಕೆಳಗೆ ಒಂದು ನಿಲ್ದಾಣ ಮಾಡಿ, ಸರಕನ್ನು ಅಲ್ಲಿ ಇಳಿಸಿ, ಮೂರು ಇಂಜಿನ್ನಿನ ಚಿಕ್ಕ ಗಾಡಿಯಲ್ಲಿ ಮೇಲೆ ಸಾಗಿಸುತ್ತೇನೆ. ನಿಮ್ಮ ಕ್ಯಾಸಲ್‌ರಾಕ್ ನಕ್ಷೆ ಮಾಡಿ ಕಳಿಸಲಾ?

ವಾಸ್ಕೋ ಲೈನ್, ಗೋವಾ

ಕಳಸ್ರಿ. ದಾರಿ ಉದ್ದಕ್ಕ ಸುರಂಗ ಎಲ್ಲೆಲ್ಲಿ ಬರ್ತಾವು ನಾ ಹೇಳ್ತೀನಿ.

ನಿರ್ವಾಹಕರು

ಘಾಟಿನ ಮಾತು ಚೆನ್ನಾಗಿದೆ, ಅದಕ್ಕೆ ಬೇರೆ ಎಳೆ ತೆರೆಯಿರಿ. ಕನ್ನಡ ಮೆನುವಿನ ಪ್ರಶ್ನೆಗೆ ಇನ್ನೂ ಯಾರೂ ಉತ್ತರಿಸಿಲ್ಲ.

ಮಾಟುಂಗಾ ಅಕ್ಷರ, ಮುಂಬಯಿ

ನಾನು ಅಕ್ಷರ ವಿನ್ಯಾಸದ ಕೆಲಸ ಮಾಡುವವಳು, ಇದಕ್ಕೆ ಸ್ವಲ್ಪ ಉದ್ದ ಉತ್ತರ ಕೊಡುತ್ತೇನೆ.

ಅನುವಾದ ಮಾಡಿದ ಮಾತ್ರಕ್ಕೆ ಕನ್ನಡ ತೆರೆಯ ಮೇಲೆ ಸರಿಯಾಗಿ ಕಾಣುವುದಿಲ್ಲ. "ಸ್ತ್ರೀ" ಎಂಬುದು ನಮಗೆ ಒಂದೇ ಅಕ್ಷರ. ಕಂಪ್ಯೂಟರಿನಲ್ಲಿ ಅದು ಆರು ಸಂಕೇತ: ಸ, ವಿರಾಮ (ಒಳಗಿನ ಅಕಾರ ತೆಗೆಯುವ ಗುರುತು), ತ, ವಿರಾಮ, ರ, ಈಕಾರ. ಆರನ್ನೂ ಜೋಡಿಸಿ, ತ ಮತ್ತು ರ ಒತ್ತನ್ನು ತಕ್ಕ ಜಾಗದಲ್ಲಿ ಕೂರಿಸಿ, ಈಕಾರವನ್ನು ಸ ಜೊತೆ ಬೆಸೆಯುವವರು ಬೇಕು. "ಅರ್ಕ"ದಲ್ಲಿ ಮೊದಲು ಉಚ್ಚರಿಸುವ ರಕಾರ ಬರವಣಿಗೆಯಲ್ಲಿ ಹಿಂದೆ ಹೋಗುತ್ತದೆ, ನಮ್ಮ ಅರ್ಕಾವತ್ತು. ಈ ಜೋಡಣೆಯನ್ನು ಮಾಡುವ ಓಪನ್ ಸೋರ್ಸ್ ಸಾಧನ ಹಾರ್ಫ್‌ಬಜ್. ಎಷ್ಟೋ ಆಟಗಳು ಒಂದೊಂದು ಅಕ್ಷರವನ್ನು ಬಿಡಿ ಚಿತ್ರದಂತೆ ಎಡದಿಂದ ಬಲಕ್ಕೆ ಅಂಟಿಸುತ್ತ ಹೋಗುತ್ತವೆ. ಇಂಗ್ಲಿಷಿಗೆ ಸಾಕು. ಕನ್ನಡಕ್ಕೆ ಒತ್ತುಗಳೆಲ್ಲ ಚೆಲ್ಲಾಪಿಲ್ಲಿ. ಕಲಿಯುವ ಮಗುವಿಗೆ ಅಂಥದ್ದನ್ನು ತೋರಿಸಲೇಬಾರದು, ತಪ್ಪು ರೂಪವೇ ಕಣ್ಣಿಗೆ ಕೂರುತ್ತದೆ.

ಹಾಗಾಗಿ ಮೊದಲ ಪರೀಕ್ಷೆ: ಆಟದ ಎಂಜಿನ್ ಜೋಡಣೆ ಮಾಡುತ್ತದೆಯೇ? ವೆಸ್ನಾತ್ ಎಂಬ ಯುದ್ಧತಂತ್ರದ ಆಟ ಪ್ಯಾಂಗೋ ಎಂಬ ಅಕ್ಷರ ಜೋಡಿಸುವ ಸಾಧನ ಬಳಸುತ್ತದೆ, ಅಲ್ಲಿ ಕನ್ನಡ ನೆಟ್ಟಗೆ ಬರುತ್ತದೆ. ಆಟ ಕಟ್ಟುವ ಗೋಡೊ ಎಂಜಿನ್ನಿನ 3ನೇ ಆವೃತ್ತಿಯಲ್ಲಿ ಬರುತ್ತಿರಲಿಲ್ಲ, 2023ರ ಮಾರ್ಚಿನಲ್ಲಿ ಬಂದ 4ನೆಯದರಿಂದ ಬರುತ್ತದೆ. ಫಾಂಟಿಗೆ ಬಲೂ ತಮ್ಮ ಹಾಕಿ. ನಮ್ಮ ಮುಂಬಯಿಯ ಎಕ್ ಟೈಪ್ ಬಳಗದವರು ಮಾಡಿದ್ದು, ಮುಕ್ತ ಲೈಸೆನ್ಸು, ದುಂಡು ದುಂಡಾಗಿ ಮಕ್ಕಳಿಗೆ ಒಪ್ಪುತ್ತದೆ.

ಪಿಂಪ್ರಿ ಪಿಚ್, ಪುಣೆ

ಇದು ಗೊತ್ತಿರಲಿಲ್ಲ. ಕೆಲವು ಆಟದ ಚಾಟ್‌ನಲ್ಲಿ ಕನ್ನಡ ಟೈಪ್ ಮಾಡಿದ್ರೆ ಮುರಿದು ಬರೋದು ಇದಕ್ಕೇನಾ?

ಮಾಟುಂಗಾ ಅಕ್ಷರ, ಮುಂಬಯಿ

ಇದಕ್ಕೇ.

ಹಿಂಜವಡಿ ಶಿಫ್ಟ್, ಪುಣೆ

ಅನುವಾದದ ಕೆಲಸದ ಬಗ್ಗೆ. ಈ ಆಟಗಳಲ್ಲಿ ಸಾಲುಗಳೆಲ್ಲ ಪಿಒ ಅನ್ನೋ ಸಾದಾ ಪಠ್ಯ ಕಡತದಲ್ಲಿರುತ್ತವೆ. ಮೇಲೆ ಇಂಗ್ಲಿಷ್ ಸಾಲು, ಕೆಳಗೆ ನಮ್ಮದು. ಪ್ರೋಗ್ರಾಮಿಂಗ್ ಬೇಕಿಲ್ಲ. ಲುವಾಂಟಿ, ಹೀರೋಯಿಕ್ ಎರಡಕ್ಕೂ ವೆಬ್ಲೇಟ್ ಅನ್ನೋ ತಾಣದಲ್ಲಿ ಕೂತು ಮಾಡಬಹುದು, ಝೀರೋ ಎ.ಡಿ. ಟ್ರಾನ್ಸಿಫೆಕ್ಸ್‌ನಲ್ಲಿ. ಮೊದಲು ಅಲ್ಲಿ ಕನ್ನಡ ಕಡತ ಶುರುವಾಗಿದೆಯಾ ನೋಡಿ, ಇದ್ದರೆ ಅದನ್ನೇ ಮುಂದುವರಿಸಿ. ವೆಸ್ನಾತ್‌ನಿಂದ ಶುರು ಮಾಡಬೇಡಿ, ಕಥೆಗಳೇ ಪುಸ್ತಕದಷ್ಟಿವೆ, ಅರ್ಧಕ್ಕೆ ನಿಲ್ಲುತ್ತೆ. ರೇಸ್ ಆಟದ ಮೆನು ಸಾಕು.

ಮಾಡೋವಾಗ ಒಂದು ಕಡೆ ಎಡವುತ್ತೀರಿ, ಮುಂಚೇನೇ ಹೇಳ್ತೀನಿ. ಇಂಗ್ಲಿಷಿನ ಸಾಲಲ್ಲಿ ಆಟಗಾರನ ಹೆಸರು ಬಂದು ಕೂರೋಕೆ ಒಂದು ಖಾಲಿ ಜಾಗ ಇರುತ್ತೆ. ಅಲ್ಲಿ "ಗೆ" ಅಂತ ಸೇರಿಸಿದ್ರೆ ರವಿಗೆ ಸರಿಹೋಗುತ್ತೆ, ಆದ್ರೆ "ರಾಮಗೆ" ಅಂತ ಬರುತ್ತೆ. "ಗೆದ್ದನು" ಅಂದ್ರೆ ಹುಡುಗಿಯರಿಗೆ ತಪ್ಪು. ಹೆಸರಿಗೆ ಪ್ರತ್ಯಯ ಅಂಟಿಸದ ಹಾಗೆ ವಾಕ್ಯವನ್ನೇ ಮುರಿದು ಕಟ್ಟಿ. "ಗೆದ್ದವರು: ರಾಮ". "ಮುಂದಿನ ಸರದಿ: ಗೌರಿ". ಎಲ್ಲಾರಿಗೂ ಹೊಂದುತ್ತೆ.

ಲ್ಯಾಮಿಂಗ್ಟನ್ ರೋಡ್, ಮುಂಬಯಿ

ಮತ್ತೆ ಆ "ಗಳು" ಬೇಡ. "5 ನಾಣ್ಯಗಳು ಸಿಕ್ಕಿವೆ" ಅಂತ ಯಾರು ಹೇಳ್ತಾರೆ? "5 ನಾಣ್ಯ ಸಿಕ್ಕಿತು" ಸಾಕು.

ಮಾಟುಂಗಾ ಅಕ್ಷರ, ಮುಂಬಯಿ

ಒಪ್ಪಿದೆ. ಸೇವ್, ಲೋಡ್ ಎಂಬುವಕ್ಕೆ ಏನು ಮಾಡುತ್ತೀರಿ? ನನ್ನ ಮತ "ಉಳಿಸು", "ತೆರೆ".

ಪಿಂಪ್ರಿ ಪಿಚ್, ಪುಣೆ

"ಸೇವ್ ಮಾಡು" ಅಂತಾನೇ ಇಡಿ. ಮಕ್ಕಳು ದಿನಾ ಆಡೋ ಮಾತು ಅದು.

ಮಾಟುಂಗಾ ಅಕ್ಷರ, ಮುಂಬಯಿ

ದಿನಾ ಆಡುವುದನ್ನು ಕಲಿಸುವುದಕ್ಕೆ ಭಾನುವಾರದ ಕ್ಲಾಸ್ ಬೇಕಿಲ್ಲ. "ದುಡ್ಡು ಉಳಿಸು" ಎಂದು ಮನೆಯಲ್ಲಿ ಕೇಳಿದ ಮಗು "ಆಟ ಉಳಿಸು" ಎಂದರೆ ಎರಡನ್ನೂ ಜೋಡಿಸಿಕೊಳ್ಳುತ್ತದೆ. ಆದರೆ "ಕೀಬೋರ್ಡ್"ಗೆ ಕೀಲಿಮಣೆ ಎನ್ನಿ ಎಂದು ಹಟ ಮಾಡುವುದಿಲ್ಲ, ಅದು ಅವರಿಗೆ ಎಟುಕುವುದಿಲ್ಲ.

ಕೊಥ್ರೂಡ್ ಕಟ್ಟೆ, ಪುಣೆ

ನನಗ ಎರಡೂ ಸರಿ ಕಾಣಸ್ತದ. ಮಕ್ಕಳನ್ನೇ ಕೇಳ್ತೀನಿ. ಒಂದು ಕೇಳೋದಿತ್ತು, ನಾವು ಬದಲಾಯಿಸಿದ ಆಟವನ್ನ ಪೆನ್ ಡ್ರೈವಿನ್ಯಾಗ ಹಾಕಿ ಹನ್ನೊಂದು ಮನಿಗೂ ಕೊಟ್ರ ಲೈಸೆನ್ಸಿಗೆ ಅಡ್ಡಿ ಅದ ಏನು?

ಹಿಂಜವಡಿ ಶಿಫ್ಟ್, ಪುಣೆ

ಅಡ್ಡಿ ಇಲ್ಲ, ಹಂಚೋದಕ್ಕೇ ಆ ಲೈಸೆನ್ಸ್ ಇರೋದು. ಜಿಪಿಎಲ್ ಕಡತ, ಮೂಲದವರ ಹೆಸರುಗಳು ಜೊತೆಗಿರಲಿ, ನೀವು ಬದಲಿಸಿದ ಕಡತವನ್ನೂ ಸೋರ್ಸ್ ಸಮೇತ ಕೇಳಿದವರಿಗೆ ಕೊಡಿ.

ಕೊಥ್ರೂಡ್ ಕಟ್ಟೆ, ಪುಣೆ

ಎಂಟು ದಿನ ಬಿಟ್ಟು ಬರಿಯಾಕತ್ತೀನಿ. ಲಿನಕ್ಸ್ ಹಾಕಿದೆ. ಹೀರೋಯಿಕ್, ಪ್ರಿಸಮ್, ಸ್ಟೀಮ್ ಮೂರು ಅವ, ಯಾವುದೂ ತಾನಾಗೇ ಏಳಂಗಿಲ್ಲ. ಎಪಿಕ್‌ನ ಆಟದಾಗ ಎರಡು ಓಡಲಿಲ್ಲ, ಉಳಿದವು ಓಡಿದವು. ಆ ಖಾಲಿ ಸ್ಲಾಟಿಗೆ ತಪಕೀರ್ ಗಲ್ಲಿಯಿಂದ ಇನ್ನೊಂದು 8 ಜಿಬಿ ತಂದು ಹಾಕಿದೆ, ಲ್ಯಾಮಿಂಗ್ಟನ್ ರೋಡ್ ಅಣ್ಣಾವ್ರಿಗೆ ಧನ್ಯವಾದ. ರೌಟರ್ ಬಂದ್ ಮಾಡಿ ಓಪನ್‌ಟಿಟಿಡಿ, ಸೂಪರ್‌ಟಕ್ಸ್‌ಕಾರ್ಟ್ ಎರಡೂ ತೆರೆದು ನೋಡಿದೆ, ತೆರೆದ್ವು. ಮಗಾ ಬಾಜೂಕ ನಿಂತು ನೋಡಿದ, ಏನೂ ಅನಲಿಲ್ಲ, ಆಡಾಕ ಕೂತ.

ರವಿವಾರ ಹುಡುಗರಿಗೆ ಮೆನುವಿನ 60 ಸಾಲು ಬರೆದ ಚೀಟಿ ಹಂಚಿದೆ. ಅರ್ಧ ತಾಸಿನ್ಯಾಗ ಮುಗಿಸಿದ್ರು. "ಸೇವ್"ಗೆ ಎಂಟು ಮಂದಿ "ಉಳಿಸು" ಅಂದ್ರು. ಜಗಳಾ ಹತ್ತಿದ್ದು ಕಡೇ ಸುತ್ತಿನ ಹೆಸರಿಗೆ. ಧಾರವಾಡ ಕಡೇ ಮಕ್ಕಳು "ಕಡೀ ಸುತ್ತು" ಅಂತಾವ, ಉಡುಪಿ ಕಡೇವು "ಕೊನೇ ಸುತ್ತು", ಒಬ್ಬಾಕಿ "ಅಂತಿಮ" ಅಂತ ಸಾಲಿ ಹಿಂದೀ ಪುಸ್ತಕದಿಂದ ತಂದಾಳ.

ಹಿಂಜವಡಿ ಶಿಫ್ಟ್, ಪುಣೆ

ಆ 60 ಸಾಲನ್ನೂ ಗೋಡೊ 4ರಲ್ಲಿ ಬಲೂ ತಮ್ಮ ಹಾಕಿ ತೆರೆ ಮೇಲೆ ತಂದು ನೋಡಿದೆ. ಸುತ್ತು, ಅಡ್ಡಗೋಡೆ, ಸ್ಪರ್ಧೆ, ಮಾರ್ಗ, ಶಬ್ದ ಎಲ್ಲಾ ಒತ್ತೂ ಅರ್ಕಾವತ್ತೂ ಜಾಗದಲ್ಲೇ ಕೂತಿವೆ. ಹಳೇ 3ರಲ್ಲಿ ಅದೇ ಸಾಲುಗಳು ಪೂರಾ ಬಿಡಿಬಿಡಿ. ಎರಡರ ಚಿತ್ರವನ್ನೂ ಕೆಳಗೆ ಹಾಕಿದ್ದೀನಿ. ಮುಂದಿನ ಭಾನುವಾರ ನಾನೇ ಬರ್ತೀನಿ, ರೇಸ್ ಆಟದೊಳಗೆ ಮಕ್ಕಳ ಎದುರೇ ಸೇರಿಸೋಣ. ಫಾಂಟ್ ಕಡತಾನೂ ತರ್ತೀನಿ.

ಮಾಟುಂಗಾ ಅಕ್ಷರ, ಮುಂಬಯಿ

ಚಿತ್ರ ನೋಡಿದೆ. 14ನೇ ಸಾಲಿನಲ್ಲಿ "ಸ್ಫರ್ಧೆ" ಎಂದು ಮಹಾಪ್ರಾಣ ಬಿದ್ದಿದೆ, "ಸ್ಪರ್ಧೆ" ಆಗಬೇಕು. ಮಕ್ಕಳ ಕೈಯಿಂದಲೇ ತಿದ್ದಿಸಿ.

ಲ್ಯಾಮಿಂಗ್ಟನ್ ರೋಡ್, ಮುಂಬಯಿ

"ಕೊನೇ ಸುತ್ತು" ಇಡಿ ಮಾರಾಯ್ರೇ, ಎಲ್ಲ ಕಡೆಯವರಿಗೂ ಅರ್ಥ ಆಗ್ತದೆ.

ವಾಸ್ಕೋ ಲೈನ್, ಗೋವಾ

"ಕಡೀ ಸುತ್ತು" ಅಂದ್ರೂ ಎಲ್ಲಾರಿಗೂ ತಿಳೀತೈತಿ. ಎರಡೂ ಮಾಡಿ ಎರಡು ಕಡತ ಇಡ್ರಿ, ನಮ್ಮ ವಾಸ್ಕೋದ ಹುಡುಗರಿಗೆ "ಕಡೀ" ಇರೋದು ಕಳಸ್ರಿ.

ಕೊಥ್ರೂಡ್ ಕಟ್ಟೆ, ಪುಣೆ

ಎರಡು ಕಡತ ಮಾಡ್ತೀವಿ. ವಾಸ್ಕೋದ್ದು ಎಷ್ಟು ಪೆನ್ ಡ್ರೈವ್ ಬೇಕು ಹೇಳ್ರಿ, ನನ್ನ ತಮ್ಮಾ ಮುಂದಿನ ವಾರ ಗೋವಾಕ್ಕ ಹೊಂಟಾನ.